ಓದುಗರು ಕೇಳಿದ್ದು: ಸೂರು ಹೊದ್ದ ಕಣ

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಉತ್ತರದ ಅಂಚಿನಲ್ಲಿ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿ ಇದೆ. ಅಲ್ಲಿ ಆರು ಶತಮಾನಗಳಷ್ಟು ಹಳೆಯದಾದ, ಸುಗ್ಗಿಯ ಫಸಲು ತುಂಬಲು ಕಟ್ಟಿದ ಮರದ ಕಟ್ಟಡವೊಂದು ಇಂದಿಗೂ ನಿಂತಿದೆ. ಕಳೆದ ಸಂಚಿಕೆಯಲ್ಲಿ ಅದರ ಚಿತ್ರವನ್ನೂ ನಾಲ್ಕು ಸಾಲಿನ ಪರಿಚಯವನ್ನೂ ಪ್ರಕಟಿಸಿದ್ದೆವು. ಅದಕ್ಕೆ ಬಂದ ಪ್ರಶ್ನೆಗಳು ನಿರೀಕ್ಷೆಗಿಂತ ಹೆಚ್ಚಾದ್ದರಿಂದ ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಆ ಕಟ್ಟಡಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗನ ಸಂಸಾರ ಸ್ಲೌ ಪಟ್ಟಣದಲ್ಲಿದೆ. ಕಳೆದ ವರ್ಷ ಅಲ್ಲಿಗೆ ಹೋಗಿದ್ದಾಗ ಮಗನ ಜೊತೆ ಈ ಕಟ್ಟಡವನ್ನು ನೋಡಲು ಹೋದೆ. ಬಾಗಿಲು ಮುಚ್ಚಿತ್ತು. ಹಲಗೆಯ ಗೋಡೆ, ಉದ್ದಕ್ಕೂ ಇಳಿದ ಹೆಂಚಿನ ಮಾಡು ಇಷ್ಟನ್ನೇ ಹೊರಗಿನಿಂದ ನೋಡಿ ಹಿಂದಿರುಗಿದೆವು. ಅವರು ‘ಬಾರ್ನ್’ ಎನ್ನುವುದನ್ನು ನಾವು ಕನ್ನಡದಲ್ಲಿ ಏನೆನ್ನಬೇಕು? ಕಣಜವೇ, ಉಗ್ರಾಣವೇ, ಕೊಟ್ಟಿಗೆಯೇ? ಒಂದು ಹಳ್ಳಿಗೆ ಇಷ್ಟು ದೊಡ್ಡ ಕಟ್ಟಡ ಏಕೆ ಬೇಕಾಗಿತ್ತು? (ನಿವೃತ್ತ ಶಿಕ್ಷಕರು, ಮಂಡ್ಯ ಜಿಲ್ಲೆ)

ಉತ್ತರ: ತಾವು ಹೆಸರಿಸಿದ ಮೂರು ಪದಗಳೂ ಹತ್ತಿರ ಬರುತ್ತವೆ, ಆದರೆ ಯಾವುದೂ ಪೂರ್ತಿ ಹೊಂದುವುದಿಲ್ಲ. ಕಣಜದಲ್ಲಿ ನಾವು ತುಂಬುವುದು ಒಕ್ಕಿ, ತೂರಿ, ಹಸನು ಮಾಡಿದ ಕಾಳನ್ನು. ಕೊಟ್ಟಿಗೆ ದನಕರುಗಳದ್ದು. ಉಗ್ರಾಣದಲ್ಲಿ ಏನನ್ನು ಬೇಕಾದರೂ ಇಡಬಹುದು. ಹಾರ್ಮಂಡ್ಸ್‌ವರ್ತ್‌ನ ಕಟ್ಟಡಕ್ಕೆ ಬರುತ್ತಿದ್ದುದು ಹೊಲದಿಂದ ನೇರವಾಗಿ ಗಾಡಿಯಲ್ಲಿ ಹೇರಿ ತಂದ, ಇನ್ನೂ ಒಕ್ಕದ ಗೋಧಿ ಮತ್ತು ಬಾರ್ಲಿಯ ಸಿವುಡುಗಳು. ಅವನ್ನು ಕಟ್ಟಡದ ಒಳಗೇ ಒಟ್ಟಿ, ಚಳಿಗಾಲದ ಉದ್ದಕ್ಕೂ ಬೇಕಾದಾಗ ಬೇಕಾದಷ್ಟನ್ನು ಕೆಳಗಿಳಿಸಿ, ಅದೇ ಸೂರಿನ ಅಡಿಯಲ್ಲಿ ನೆಲದ ಮೇಲೆ ಹರಡಿ ಬಡಿದು ಕಾಳು ಬಿಡಿಸುತ್ತಿದ್ದರು. ಎಂದರೆ ಬಣವೆ, ಕಣ, ಹುಲ್ಲಿನ ಮೆದೆ ಈ ಮೂರನ್ನೂ ಒಂದೇ ಮಾಡಿನ ಕೆಳಗೆ ತಂದರೆ ಏನಾಗುತ್ತದೆಯೋ ಅದು ‘ಬಾರ್ನ್’. ಒಂದು ಪದದಲ್ಲಿ ಹೇಳಲೇಬೇಕೆಂದರೆ ನಾನು ‘ಸೂರುಗಣ’ ಎನ್ನುತ್ತೇನೆ. ನಿಘಂಟಿನಲ್ಲಿ ಹುಡುಕಬೇಡಿ, ಸಿಗದು.

ನಮ್ಮಲ್ಲಿ ಅಂಥ ಕಟ್ಟಡ ಬೆಳೆಯದಿರುವುದಕ್ಕೂ ಅಲ್ಲಿ ಬೆಳೆದುದಕ್ಕೂ ಕಾರಣ ಮಳೆಯ ಲೆಕ್ಕಾಚಾರ. ಹಳೆಯ ಮೈಸೂರಿನ ಕಡೆ ರಾಗಿ ಕೊಯ್ಲಿಗೆ ಬರುವಾಗ ಹಿಂಗಾರು ಮುಗಿದು ಆಕಾಶ ತಿಳಿಯಾಗಿರುತ್ತದೆ. ಕೊಯ್ದ ತೆನೆಯನ್ನು ಹೊರಗೇ ಮೆದೆ ಹಾಕಿ, ನೆಲ ಕೆತ್ತಿ ಸಗಣಿ ಸಾರಿಸಿ ಕಣ ಮಾಡಿ, ರೋಣಗಲ್ಲು ಎಳೆಸಿ, ಸಂಜೆಯ ಗಾಳಿಗೆ ತೂರಿ, ಕಾಳನ್ನು ಹಗೇವಿಗೋ ವಾಡೆಗೋ ಸುರಿದರೆ ಸುಗ್ಗಿಯ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತಿತ್ತು. ಇಂಗ್ಲೆಂಡಿನಲ್ಲಿ ಕೊಯ್ಲಿನ ಕಾಲ ಆಗಸ್ಟ್. ಅದು ಅವರ ಬೇಸಿಗೆಯೇ ಆದರೂ ಮಳೆ ಬರದೆಂಬ ಭರವಸೆ ಆ ತಿಂಗಳಲ್ಲೂ ಇಲ್ಲ, ಅದರ ಹಿಂದೆಯೇ ತೇವದ ಶರತ್ಕಾಲ ಬರುತ್ತದೆ. ಸಿವುಡು ನೆನೆದರೆ ತೆನೆಯಲ್ಲಿಯೇ ಮೊಳಕೆಯೊಡೆಯುತ್ತದೆ. ಆದ್ದರಿಂದ ಮೊದಲು ಸೂರಿನ ಕೆಳಗೆ ಸೇರಿಸುವುದು, ಒಕ್ಕುವುದು ಆಮೇಲೆ ಎಂಬ ಪದ್ಧತಿ ಬೆಳೆಯಿತು. ಒಕ್ಕದ ಫಸಲು ಒಕ್ಕಿದ ಕಾಳಿಗಿಂತ ಎಷ್ಟೋ ಪಾಲು ಹೆಚ್ಚು ಜಾಗ ತಿನ್ನುವುದರಿಂದ ಕಟ್ಟಡವೂ ಅದಕ್ಕೆ ತಕ್ಕಂತೆ ಬೆಳೆಯಬೇಕಾಯಿತು. ಹಾರ್ಮಂಡ್ಸ್‌ವರ್ತ್‌ನದು 192 ಅಡಿ ಉದ್ದ, 37 ಅಡಿ ಅಗಲ, 39 ಅಡಿ ಎತ್ತರ. ಕಂಬದಿಂದ ಕಂಬಕ್ಕೆ ಅಳೆಯುವ ನಮ್ಮ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಹನ್ನೆರಡು ಅಂಕಣ. ಉದ್ದನೆಯ ಒಂದು ಬದಿಯಲ್ಲಿ ಹೇರಿದ ಗಾಡಿ ನುಗ್ಗುವಷ್ಟು ದೊಡ್ಡದಾದ ಮೂರು ಬಾಗಿಲುಗಳಿವೆ.

ಪ್ರಶ್ನೆ: ನಿಮ್ಮ ಪರಿಚಯದಲ್ಲಿ ಅದನ್ನು ಕಟ್ಟಿಸಿದ್ದು ಒಂದು ಶಾಲೆ ಎಂದಿತ್ತು. ಶಾಲೆಗೂ ಹೊಲಕ್ಕೂ ಏನು ಸಂಬಂಧ? (ಧಾರವಾಡ)

ಉತ್ತರ: ಅದು ಅಚ್ಚಿನ ತಪ್ಪಲ್ಲ, ಶಾಲೆಯೇ ಹೌದು. ವಿಂಚೆಸ್ಟರಿನ ಬಿಷಪ್ ಆಗಿದ್ದ ವಿಲಿಯಂ ಆಫ್ ವೈಕಮ್ 1382ರಲ್ಲಿ ವಿಂಚೆಸ್ಟರ್ ಕಾಲೇಜನ್ನು ಸ್ಥಾಪಿಸಿದ. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅದು ಹುಡುಗರ ಶಾಲೆ. ಶಾಲೆ ನಡೆಯಬೇಕಾದರೆ ವರ್ಷವರ್ಷವೂ ಆದಾಯ ಬೇಕು, ಆ ಕಾಲದಲ್ಲಿ ಭೂಮಿಗಿಂತ ಗಟ್ಟಿಯಾದ ಆದಾಯ ಇರಲಿಲ್ಲ. ನಮ್ಮ ರಾಜರು ಅಗ್ರಹಾರಗಳಿಗೂ ಮಠಗಳಿಗೂ ಊರುಗಳನ್ನು ದತ್ತಿಯಾಗಿ ಬಿಟ್ಟು ಶಾಸನ ಹಾಕಿಸಿದ್ದನ್ನು ನೆನೆದರೆ ಇದರಲ್ಲಿ ಆಶ್ಚರ್ಯ ಕಾಣದು.

ಹಾರ್ಮಂಡ್ಸ್‌ವರ್ತ್ ಶಾಲೆಯ ಕೈಗೆ ಬಂದ ಬಗೆ ಮಾತ್ರ ಸ್ವಾರಸ್ಯಕರವಾಗಿದೆ. 1066ರಲ್ಲಿ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಂ ಈ ಊರನ್ನು ತನ್ನ ತಾಯ್ನೆಲದ ರೂವಾನ್ ಪಟ್ಟಣದ ಸನ್ಯಾಸಿ ಮಠವೊಂದಕ್ಕೆ ದಾನವಾಗಿ ಕೊಟ್ಟಿದ್ದ. ಅವನೇ ಮಾಡಿಸಿದ 1086ರ ಭೂದಾಖಲೆಯಾದ ಡೂಮ್ಸ್‌ಡೇ ಪುಸ್ತಕದಲ್ಲಿಯೂ ಊರು ಆ ಮಠದ ಹೆಸರಿನಲ್ಲಿಯೇ ಇದೆ. ಮೂರು ಶತಮಾನಗಳ ಬಳಿಕ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಪೀಳಿಗೆಗಳ ಕಾಲ ಯುದ್ಧ ನಡೆದಾಗ, ಇಂಗ್ಲೆಂಡಿನ ನೆಲದ ಹುಟ್ಟುವಳಿ ಶತ್ರುದೇಶದ ಮಠಗಳಿಗೆ ಹೋಗುವುದನ್ನು ಅರಸರು ಸಹಿಸಲಿಲ್ಲ. ಅಂಥ ಆಸ್ತಿಗಳನ್ನು ಮತ್ತೆ ಮತ್ತೆ ವಶಪಡಿಸಿಕೊಂಡರು. ದೂರದಲ್ಲಿ ಕುಳಿತು ಆಳಲಾಗದ ಮಠಕ್ಕೆ ಮಾರಿಬಿಡುವುದೇ ಲೇಸೆನಿಸಿತು, ವೈಕಮ್ 1391ರಲ್ಲಿ ಕೊಂಡು ತನ್ನ ಶಾಲೆಗೆ ಸೇರಿಸಿದ. ಕಟ್ಟಡ ಎದ್ದಾಗ ಅವನು ಬದುಕಿರಲಿಲ್ಲ. 1404ರಲ್ಲಿ ತೀರಿಕೊಂಡಿದ್ದ.

ಪ್ರಶ್ನೆ: ಮರದ ಕಟ್ಟಡದ ವಯಸ್ಸನ್ನು ಇಷ್ಟು ನಿಖರವಾಗಿ ಹೇಳುವುದು ಹೇಗೆ? ಅದರ ಮೇಲೆ ಶಾಸನವೇನಾದರೂ ಇದೆಯೇ? (ಸ್ನಾತಕೋತ್ತರ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಇಲ್ಲಿ ಸಾಕ್ಷಿ ಎರಡು ಕಡೆಯಿಂದ ದೊರೆಯುತ್ತದೆ, ಎರಡೂ ಒಂದೇ ಮಾತನ್ನು ಹೇಳುತ್ತವೆ. ಮೊದಲನೆಯದು ಮರ. ಹವೆ ಹಿತವಾಗಿದ್ದ ವರ್ಷ ಓಕ್ ಮರದ ವಾರ್ಷಿಕ ಉಂಗುರ ಅಗಲವಾಗಿರುತ್ತದೆ, ಒಣ ವರ್ಷದ್ದು ಕಿರಿದಾಗಿರುತ್ತದೆ. ಒಂದು ಪ್ರದೇಶದ ಓಕ್ ಮರಗಳೆಲ್ಲವೂ ಹೆಚ್ಚುಕಡಿಮೆ ಒಂದೇ ಹವೆಯನ್ನು ಕಂಡಿರುವುದರಿಂದ ಆ ಅಗಲ ಕಿರಿದುಗಳ ಸಾಲು ಎಲ್ಲವುಗಳಲ್ಲಿಯೂ ಒಂದೇ ರೀತಿ ಮೂಡಿರುತ್ತದೆ. ಇಂದಿನ ಮರದಿಂದ ಹಿಡಿದು ಹಳೆಯ ಮನೆಗಳ ತೊಲೆಗಳವರೆಗೆ ಸಾಲಿಗೆ ಸಾಲು ಹೊಂದಿಸುತ್ತ ಹೋಗಿ ಸಿದ್ಧಪಡಿಸಿದ ಒಂದು ದೊಡ್ಡ ಪಂಚಾಂಗವೇ ಸಂಶೋಧಕರ ಬಳಿ ಇದೆ. ಕಂಬದಿಂದ ಪೆನ್ಸಿಲ್‌ನಷ್ಟು ತೆಳುವಾದ ತಿರುಳನ್ನು ಕೊರೆದು ತೆಗೆದು ಅದರೊಂದಿಗೆ ಹೋಲಿಸಬೇಕು. ತೊಗಟೆಯ ಅಡಿಯ ಕೊನೆಯ ಉಂಗುರ ಉಳಿದಿದ್ದರೆ ಮರ ಕಡಿದ ವರ್ಷವಷ್ಟೇ ಅಲ್ಲ, ಚಳಿಗಾಲದಲ್ಲಿ ಕಡಿದದ್ದೇ ಅಥವಾ ಚಿಗುರು ಬಂದ ಮೇಲೆ ಕಡಿದದ್ದೇ ಎಂಬುದೂ ತಿಳಿಯುತ್ತದೆ. ಹಾರ್ಮಂಡ್ಸ್‌ವರ್ತ್‌ನ ಮರಗಳು ಉರುಳಿದ್ದು 1424ರ ಚಳಿಗಾಲ ಮತ್ತು 1426ರ ವಸಂತದ ನಡುವೆ. ನಮ್ಮ ಹೆಚ್ಚಿನ ಮರಗಳಲ್ಲಿ ಉಂಗುರಗಳು ಇಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಆದರೆ ತೇಗ ಇದಕ್ಕೆ ಅಪವಾದ, ಅದರ ಉಂಗುರಗಳಿಂದ ಹಿಂದಿನ ಮುಂಗಾರುಗಳ ಏರಿಳಿತವನ್ನು ನಮ್ಮ ವಿಜ್ಞಾನಿಗಳೂ ಓದಿದ್ದಾರೆ.

ಎರಡನೆಯ ಸಾಕ್ಷಿ ಶಾಲೆಯ ಲೆಕ್ಕಪತ್ರ. ಮರವನ್ನು ಆರಿಸಿ ತರಲು ಥೇಮ್ಸ್ ದಂಡೆಯ ಕಿಂಗ್ಸ್‌ಟನ್‌ಗೆ ಕಳುಹಿಸಲಾದ ಇಬ್ಬರ ಹೆಸರು 1426ರ ದಾಖಲೆಯಲ್ಲಿದೆ: ವಿಲಿಯಂ ಕಿಪ್ಪಿಂಗ್ ಮತ್ತು ಜಾನ್ ಅಟ್ ಓಕ್. ಕಟ್ಟಿದ ಬಡಗಿಗಳೂ ಇವರೇ ಇರಬೇಕೆಂಬ ಊಹೆ ಇದೆ. ಎರಡನೆಯ ಹೆಸರಿನ ಅರ್ಥ ‘ಓಕ್ ಮರದ ಬಳಿಯ ಜಾನ್’. ಬಡಗಿಗೆ ಇದಕ್ಕಿಂತ ಒಪ್ಪುವ ಮನೆಹೆಸರು ಸಿಗಲಾರದು. ಆಳಿದವರ ಹೆಸರು ಎಲ್ಲ ಕಡೆಯೂ ಉಳಿಯುತ್ತದೆ. ಹೊಲದ ಕಟ್ಟಡಕ್ಕೆ ಮರ ಆರಿಸಲು ಹೋದವರ ಹೆಸರು ಉಳಿಯುವುದು ಅಪರೂಪ, ಅದೂ ಇಲ್ಲಿ ಉಳಿದದ್ದು ಖರ್ಚು ಬರೆದಿಟ್ಟ ಯಾರೋ ಗುಮಾಸ್ತನ ಕೃಪೆಯಿಂದ.

ಪ್ರಶ್ನೆ: ನಾನು ಮರಗೆಲಸದವನು. ಚಿತ್ರದಲ್ಲಿ ಕಂಬಗಳು ಮೇಲಕ್ಕೆ ಹೋದಂತೆ ದಪ್ಪವಾಗಿ ಕಾಣುತ್ತವೆ. ಬುಡ ಮೇಲಾಗಿ ಕಂಬ ನಿಲ್ಲಿಸುವುದು ನಮ್ಮಲ್ಲಿ ಅಶುಭ. ಅವರೇಕೆ ಹಾಗೆ ನಿಲ್ಲಿಸಿದರು? ಮೊಳೆ ಇಲ್ಲದೆ ಇಷ್ಟು ದೊಡ್ಡ ಮಾಡು ನಿಂತದ್ದು ಹೇಗೆ? (ಸಾಗರ)

ಉತ್ತರ: ಚಿತ್ರದಲ್ಲಿ ಅದನ್ನು ಗುರುತಿಸಿದ ನಿಮ್ಮ ಕಣ್ಣಿಗೆ ಶರಣು. ಅಲ್ಲಿನ ಹಳೆಯ ಬಡಗಿಗಳು ಮರವನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದುದು ವಾಡಿಕೆ, ಅದಕ್ಕೆ ಕಾರಣ ಕೂಡಿಕೆ. ಕಂಬದ ತಲೆಯಲ್ಲಿ ಮೂರು ಮರಗಳು ಸೇರುತ್ತವೆ. ಒಂದು ಕಂಬವೇ, ಎರಡನೆಯದು ಕಟ್ಟಡದ ಉದ್ದಕ್ಕೆ ಓಡುವ ತೊಲೆ, ಮೂರನೆಯದು ಆಚೆ ಸಾಲಿನ ಕಂಬಕ್ಕೆ ಅಡ್ಡಲಾಗಿ ಹಾಯುವ ತೊಲೆ. ಒಂದೇ ತಲೆಯಲ್ಲಿ ಎರಡು ತೊಲೆಗಳಿಗೆ ಬೇರೆ ಬೇರೆ ಎತ್ತರದಲ್ಲಿ ಕೂರಲು ಜಾಗ ಬೇಕು, ತೆಳ್ಳನೆಯ ತುದಿಯಲ್ಲಿ ಎರಡು ಕಡೆ ಕೊರೆದರೆ ಏನೂ ಉಳಿಯುವುದಿಲ್ಲ. ಬೇರಿನ ಕಡೆ ಹರಡಿಕೊಂಡ ಬುಡವನ್ನು ಮೇಲಕ್ಕೆ ತಂದರೆ ಆ ದಪ್ಪದಲ್ಲಿ ಒಳಬದಿಗೆ ಒಂದು, ಹೊರಬದಿಗೆ ಒಂದು ಮೆಟ್ಟಿಲಿನಂತೆ ಕೆತ್ತಿಕೊಳ್ಳಬಹುದು. ಶುಭಾಶುಭದ ವಿಚಾರವನ್ನು ನಿಮ್ಮೊಡನೆ ವಾದಿಸಲಾರೆ, ಕಟ್ಟಡ ಮಾತ್ರ ಇನ್ನೂ ಬಿದ್ದಿಲ್ಲ.

ಕೂಡಿಕೆಗಳ ವಿಚಾರ ನಿಮಗೆ ಹೊಸದಲ್ಲ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ತೂತು ತೋಡಿ, ನಾಲಿಗೆ ಒಳಗೆ ಕುಳಿತ ಮೇಲೆ ಎರಡನ್ನೂ ಹಾಯುವಂತೆ ಬೈರಿಗೆಯಿಂದ ಕೊರೆದು ಓಕಿನದೇ ಗೂಟ ಹೊಡೆಯುತ್ತಿದ್ದರು. ವಿಶೇಷವೆಂದರೆ ಅವರು ಕೆಲಸ ಮಾಡುತ್ತಿದ್ದುದು ಹಸಿ ಮರದಲ್ಲಿ. ಕಡಿದ ಓಕ್ ಒಣಗಿತೆಂದರೆ ಉಳಿಗೂ ಬಾಚಿಗೂ ಬಗ್ಗದಷ್ಟು ಗಡುಸಾಗುತ್ತದೆ. ಹಸಿ ಇರುವಾಗಲೇ ಕೆತ್ತಿ ನಿಲ್ಲಿಸಿದರೆ, ಮುಂದೆ ಒಣಗುತ್ತ ಸೆಟೆದುಕೊಂಡು ಗೂಟದ ಸುತ್ತ ಬಿಗಿಯಾಗುತ್ತದೆ. ಅಂಥ ಕಟ್ಟಡಗಳ ತೊಲೆಗಳು ಅಲ್ಲಲ್ಲಿ ತಿರುಚಿಕೊಂಡಿರುವುದೂ ಉದ್ದುದ್ದ ಸೀಳಿರುವುದೂ ಈ ಕಾರಣದಿಂದಲೇ, ಅದನ್ನು ಕಂಡು ಕಟ್ಟಡ ಶಿಥಿಲವಾಗಿದೆ ಎಂದುಕೊಳ್ಳಬೇಕಿಲ್ಲ. ಓಕಿನ ಒಗರು ಕಬ್ಬಿಣವನ್ನು ತಿನ್ನುವುದರಿಂದ ಭಾರ ಹೊರುವ ಕೂಡಿಕೆಗೆ ಮೊಳೆಯನ್ನು ನಂಬುತ್ತಿರಲಿಲ್ಲ. ಕಂಬದ ಕೆಳತುದಿ ಮಣ್ಣನ್ನು ಮುಟ್ಟದಂತೆ ಅಡಿಗಲ್ಲಿನ ಮೇಲೆ ನಿಂತಿದೆ. ಮಲೆನಾಡಿನ ತೊಟ್ಟಿಮನೆಗಳಲ್ಲಿ ನೀವೂ ಹಾಗೆಯೇ ನಿಲ್ಲಿಸುತ್ತೀರಿ.

ಎರಡು ಸಾಲು ಕಂಬಗಳ ನಡುವೆ ಎತ್ತರದ ಹಜಾರ, ಅವುಗಳಾಚೆ ಎರಡೂ ಬದಿಗೆ ತಗ್ಗಿ ಇಳಿಯುವ ಪಡಸಾಲೆ, ಹೀಗೆ ಹದಿಮೂರು ಚೌಕಟ್ಟುಗಳು ಸಾಲಾಗಿ ನಿಂತಿವೆ. ಇಂಥ ಚೌಕಟ್ಟುಗಳನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡಿ, ಬಿಚ್ಚಿ, ಮತ್ತೆ ಮೇಲೆತ್ತುವುದು ಆ ಕಾಲದ ಕ್ರಮ. ಯಾವ ನಾಲಿಗೆ ಯಾವ ತೂತಿಗೆ ಎಂಬುದು ಮರೆಯದಿರಲೆಂದು ಉಳಿಯಿಂದ ರೋಮನ್ ಅಂಕಿಗಳಂಥ ಗೀರುಗಳನ್ನು ಹಾಕುತ್ತಿದ್ದರು. ಹಾರ್ಮಂಡ್ಸ್‌ವರ್ತ್‌ನಲ್ಲಿ ಇಂದು ಕಾಣುವ ಮರದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಆಗ ನಿಲ್ಲಿಸಿದ ಮರವೇ.

ಪ್ರಶ್ನೆ: ಇದು ಚರ್ಚಿಗೆ ಒಪ್ಪಿಸುವ ದಶಮಾಂಶದ ಧಾನ್ಯವನ್ನು ತುಂಬುತ್ತಿದ್ದ ಕಟ್ಟಡವೆಂದು ಓದಿದ ನೆನಪು. ನಿಜವೇ? (ಮಂಗಳೂರು)

ಉತ್ತರ: ಹಾಗೆ ಕರೆಯುವ ರೂಢಿ ಬಲವಾಗಿದೆ, ಆದರೆ ಅದು ತಪ್ಪು. ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡುವ ಕಟ್ಟಳೆ ಅಲ್ಲಿತ್ತು, ಆ ಪಾಲನ್ನು ತುಂಬಲು ಪ್ರತ್ಯೇಕ ಕಟ್ಟಡಗಳೂ ಇದ್ದವು. ಹಳೆಯ ದೊಡ್ಡ ಕಟ್ಟಡ ಕಂಡಲ್ಲೆಲ್ಲ ಜನ ಅದೇ ಹೆಸರನ್ನು ಅಂಟಿಸಿಬಿಟ್ಟರು. ಹಾರ್ಮಂಡ್ಸ್‌ವರ್ತ್‌ನಲ್ಲಿ ತುಂಬಿದ್ದು ಭೂಮಾಲೀಕನಾದ ಶಾಲೆಯ ಸ್ವಂತ ಹೊಲಗಳ ಹುಟ್ಟುವಳಿ. ದೇವರ ಪಾಲಿಗೂ ಧಣಿಯ ಪಾಲಿಗೂ ಇರುವ ವ್ಯತ್ಯಾಸ ರೈತನಿಗೆ ಚೆನ್ನಾಗಿ ಗೊತ್ತಿರುತ್ತದೆ, ಪ್ರವಾಸಿ ಪುಸ್ತಿಕೆಗಳಿಗೆ ಅಷ್ಟಾಗಿ ಗೊತ್ತಿರುವುದಿಲ್ಲ.

ಪ್ರಶ್ನೆ: ಹಾಗಾದರೆ ಅದನ್ನು ‘ಮಿಡ್ಲ್‌ಸೆಕ್ಸಿನ ಕೆಥೆಡ್ರಲ್’ ಎನ್ನುವುದೇಕೆ? (ಅದೇ ಓದುಗರು)

ಉತ್ತರ: ಅದು ಕವಿ ಜಾನ್ ಬೆಟ್ಜಮನ್ ಕೊಟ್ಟ ಬಿರುದು. ನಡುವಿನ ಹಜಾರ, ಇಕ್ಕೆಲದ ಪಡಸಾಲೆಗಳ ವಿನ್ಯಾಸ ಚರ್ಚಿನದನ್ನೇ ಹೋಲುತ್ತದೆ. ಮಿಡ್ಲ್‌ಸೆಕ್ಸ್ ಎಂಬ ಜಿಲ್ಲೆಯಾಡಳಿತ 1965ರಲ್ಲಿ ಇಲ್ಲವಾಯಿತು, ಬಿರುದು ಉಳಿಯಿತು.

ಪ್ರಶ್ನೆ: ನಮ್ಮೂರಿನಲ್ಲಿ ಕಣ ಹೋಗಿ ಟಾರು ರಸ್ತೆಯ ಮೇಲೆ ರಾಗಿ ಹರಡುವ ಕಾಲ ಬಂದು, ಅದೂ ಮುಗಿದು ಈಗ ಯಂತ್ರ ಬಂದಿದೆ. ಅಲ್ಲಿ ಒಕ್ಕಣೆ ಯಾವಾಗ ನಿಂತಿತು? ಆಮೇಲೆ ಇಷ್ಟು ದೊಡ್ಡ ಕಟ್ಟಡ ಏನಾಯಿತು? (ರೈತರು, ತುಮಕೂರು ಜಿಲ್ಲೆ)

ಉತ್ತರ: ಅಲ್ಲಿ ಒಕ್ಕುತ್ತಿದ್ದುದು ಎತ್ತಿನಿಂದಲ್ಲ, ಕೈಯಿಂದ. ಉದ್ದನೆಯ ಹಿಡಿಕೋಲಿಗೆ ಮೋಟು ಬಡಿಗೆಯೊಂದನ್ನು ತೊಗಲಿನ ಪಟ್ಟಿಯಿಂದ ತೂಗುಬಿಟ್ಟ ಸಾಧನ ಅವರದು. ಹಿಡಿಕೋಲನ್ನು ತಲೆಯ ಮೇಲೆ ತಿರುಗಿಸಿ ಇಳಿಸಿದರೆ ಬಡಿಗೆ ಮಲಗಿದ ತೆನೆಯ ಮೇಲೆ ಅಡ್ಡಲಾಗಿ ಬೀಳುತ್ತದೆ. ಕೊಯ್ಲು ಮುಗಿದು ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದಲ್ಲಿ ಕೂಲಿಯವರನ್ನು ಸಾಕಿದ್ದು ಈ ಬಡಿತವೇ. ದಿನವಿಡೀ ಧೂಳಿನಲ್ಲಿ ನಿಂತು ರಟ್ಟೆ ಸೋಲುವ ಕೆಲಸ ನಿಜ, ಆದರೆ ಮಳೆ ಹಿಮ ತಾಗದ ಸೂರಿನ ಕೆಳಗಿನ ಕೆಲಸ.

1786ರ ಸುಮಾರಿಗೆ ಸ್ಕಾಟ್‌ಲೆಂಡಿನ ಆಂಡ್ರ್ಯೂ ಮೀಕಲ್ ಒಕ್ಕುವ ಯಂತ್ರವನ್ನು ಮಾಡಿದ. ನಾಲ್ಕೈದು ದಶಕಗಳಲ್ಲಿ ಅದು ದಕ್ಷಿಣ ಇಂಗ್ಲೆಂಡಿನ ಹೊಲಮನೆಗಳಿಗೆ ಹರಡಿದಾಗ, ಕೂಲಿಯವರಿಗೆ ಚಳಿಗಾಲದ ಅನ್ನವೇ ಹೋಯಿತು. 1830ರ ಆಗಸ್ಟಿನಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಜನ ರಾತ್ರಿ ಹೊತ್ತು ಬಂದು ಯಂತ್ರವನ್ನು ಒಡೆದರು. ಆ ವರ್ಷದ ಕೊನೆಯ ಹೊತ್ತಿಗೆ ಯಂತ್ರ ಒಡೆಯುವುದು, ಬಣವೆಗೆ ಬೆಂಕಿಯಿಡುವುದು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಜಮೀನ್ದಾರರಿಗೆ ಬಂದ ಬೆದರಿಕೆಯ ಕಾಗದಗಳ ಕೆಳಗೆ ‘ಕ್ಯಾಪ್ಟನ್ ಸ್ವಿಂಗ್’ ಎಂದು ರುಜು ಇರುತ್ತಿತ್ತು, ಅಂಥ ಮನುಷ್ಯ ಇರಲೇ ಇಲ್ಲ. ಸರ್ಕಾರ ಕೆಲವರನ್ನು ಗಲ್ಲಿಗೇರಿಸಿತು, ನೂರಾರು ಜನರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿತು. ಒಂದು ಕಟ್ಟಡದ ಇತಿಹಾಸ ಕೇಳಿದವರಿಗೆ ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಸೂರುಗಣ ತನ್ನ ಮೂಲ ಕಸುಬನ್ನು ಕಳೆದುಕೊಳ್ಳತೊಡಗಿದ್ದು ಈ ಯಂತ್ರದಿಂದ. ಎರಡನೆಯ ಮಹಾಯುದ್ಧದ ನಂತರ ಹೊಲದಲ್ಲಿಯೇ ಕೊಯ್ದು ಒಕ್ಕಿ ಕಾಳು ಸುರಿಯುವ ಕಂಬೈನ್ ಬಂದಮೇಲೆ ಸಿವುಡು ಎಂಬುದೇ ಇಲ್ಲವಾಯಿತು, ಅದನ್ನು ತುಂಬಲು ಕಟ್ಟಿದ ಹನ್ನೆರಡು ಅಂಕಣ ಯಾರಿಗೆ ಬೇಕು? ಅಂಥ ಎಷ್ಟೋ ಕಟ್ಟಡಗಳು ಬಿದ್ದುಹೋದವು, ಎಷ್ಟೋ ಕಟ್ಟಡಗಳು ವಾಸದ ಮನೆಗಳಾದವು. ಹಾರ್ಮಂಡ್ಸ್‌ವರ್ತ್‌ನದು 1970ರ ದಶಕದವರೆಗೂ ಬೇಸಾಯದ ಬಳಕೆಯಲ್ಲಿತ್ತು. ಅಷ್ಟು ಕಾಲ ಅದನ್ನು ಕಾಪಾಡಿದ್ದು, ಮಾಡು ಸೋರಿದರೆ ತನ್ನ ಸಾಮಾನು ಕೆಡುತ್ತದೆಂಬ ರೈತನ ಚಿಂತೆ ಎಂದು ನನ್ನ ತಿಳಿವಳಿಕೆ.

ಪ್ರಶ್ನೆ: ಹೀಥ್ರೂವಿನ ಮೂರನೆಯ ರನ್‌ವೇಗಾಗಿ ಇದನ್ನು ಕೆಡವುತ್ತಾರಂತೆ. ಈಗ ಇದರ ಒಡೆಯರು ಯಾರು? (ಬೆಂಗಳೂರು)

ಉತ್ತರ: ಕೆಡವುವ ನಿರೀಕ್ಷೆಯಿಂದಲೇ ಅದನ್ನು ಕೊಂಡವರೂ ಇದ್ದರು. ಶಾಲೆಯ ಒಡೆತನ 1540ರ ದಶಕದಲ್ಲಿ ಕೊನೆಗೊಂಡಿತು. ಎಂಟನೆಯ ಹೆನ್ರಿ ಬೇರೆ ಜಮೀನು ಕೊಟ್ಟು ಊರನ್ನು ಬದಲಿಗೆ ಪಡೆದ. ನಂತರ ಹಲವು ಕೈ ದಾಟಿ, ಬೇಸಾಯ ನಿಂತ ಮೇಲೆ ನಿವೇಶನ ವ್ಯವಹಾರದವರ ಪಾಲಾಯಿತು. 2006ರಲ್ಲಿ ಜಿಬ್ರಾಲ್ಟರಿನಲ್ಲಿ ನೋಂದಣಿಯಾದ ಕಂಪನಿಯೊಂದು ಅದನ್ನು ಕೊಂಡದ್ದು ಕೇವಲ 1 ಪೌಂಡಿಗೆ. ವಿಮಾನ ನಿಲ್ದಾಣ ವಿಸ್ತರಣೆಯಾದರೆ ಪರಿಹಾರ ಸಿಗುತ್ತದೆಂಬುದು ಆ ಕೊಳ್ಳುವಿಕೆಯ ಲೆಕ್ಕಾಚಾರವಾಗಿತ್ತು. ಪರಿಹಾರಕ್ಕಾಗಿ ಇಟ್ಟುಕೊಂಡ ಮಾಡಿಗೆ ಹೆಂಚು ಹೊದಿಸುವವರಾರು? 1950ರಿಂದಲೇ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡವಾಗಿದ್ದರೂ, ಎಂದರೆ ಕಾಗದದ ಮೇಲೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಸಾಲಿನಲ್ಲಿ ಕುಳಿತಿದ್ದರೂ, ಮಳೆ ಒಳಗಿಳಿಯತೊಡಗಿತು. 2009ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಕಾನೂನಿನ ಅಧಿಕಾರ ಬಳಸಿ ತುರ್ತು ದುರಸ್ತಿಗೆ ಇಳಿಯಿತು. ಕೊನೆಗೆ 20,000 ಪೌಂಡ್ ತೆತ್ತು ಕಟ್ಟಡವನ್ನೇ ಕೊಂಡ ಸುದ್ದಿ 2012ರ ಜನವರಿಯಲ್ಲಿ ಹೊರಬಿತ್ತು. ಲಂಡನ್ನಿನಲ್ಲಿ ಆ ಹಣಕ್ಕೆ ಒಂದು ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಬಳಿಕ ಮಾಡನ್ನೂ ಮರವನ್ನೂ ಸವಿಸ್ತಾರವಾಗಿ ದುರಸ್ತಿ ಮಾಡಿದ್ದಾರೆ.

ಮೂರನೆಯ ರನ್‌ವೇಗೆ 2018ರಲ್ಲಿ ಬ್ರಿಟನ್ನಿನ ಸಂಸತ್ತು ಒಪ್ಪಿಗೆ ಕೊಟ್ಟಿತು, ವಿಷಯ ನ್ಯಾಯಾಲಯಗಳನ್ನು ಸುತ್ತಿ ಬಂತು, 2025ರ ಜನವರಿಯಲ್ಲಿ ಸರ್ಕಾರ ಮತ್ತೆ ಬೆಂಬಲ ಸಾರಿತು. ಆ ನಕ್ಷೆಯಂತೆ ಹಳ್ಳಿಯ ಬಹುಪಾಲು ಮನೆಗಳು ಹೋಗುತ್ತವೆ. ಈ ಕಟ್ಟಡವೂ ಪಕ್ಕದ ಚರ್ಚೂ ಗಡಿಯ ಹೊರಗೆ, ಆದರೆ ಬೇಲಿಗೆ ತೀರ ಹತ್ತಿರದಲ್ಲಿ ಉಳಿಯುತ್ತವೆ. ನೆರೆಹೊರೆಯೇ ಇಲ್ಲದ ಆ ಉಳಿವು ಎಂಥದ್ದು ಎಂಬುದನ್ನು ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿ ಗುಡಿಯೊಂದೇ ದಡದಲ್ಲಿ ಉಳಿದದ್ದನ್ನು ಕಂಡವರು ಬಲ್ಲರು.

ಪ್ರಶ್ನೆ: ಇದಕ್ಕಿಂತ ಹಳೆಯದು ಬೇರೆ ಇದೆಯೇ? (ಹಾಸನ)

ಉತ್ತರ: ಇದೆ. ಎಸೆಕ್ಸ್ ಪ್ರಾಂತ್ಯದ ಕ್ರೆಸಿಂಗ್ ಟೆಂಪಲ್ ಎಂಬಲ್ಲಿ ಒಂದೇ ಅಂಗಳದಲ್ಲಿ ಎರಡಿವೆ. 1137ರಲ್ಲಿ ರಾಣಿ ಮಟಿಲ್ಡಾ ಆ ಭೂಮಿಯನ್ನು ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳಿಗೆ ದಾನ ಮಾಡಿದ್ದಳು. ಬಾರ್ಲಿ ತುಂಬುವ ಕಟ್ಟಡದ ಮರ 13ನೆಯ ಶತಮಾನದ ಆರಂಭದ್ದು, ಗೋಧಿಯದು ಅದೇ ಶತಮಾನದ ಉತ್ತರಾರ್ಧದ್ದು. ನಮ್ಮ ಕಡೆಗೆ ಹೋಲಿಸಿದರೆ ಹೊಯ್ಸಳರ ಕಾಲ. ಸೋಮನಾಥಪುರದ ಗುಡಿ 1268ರದು, ಆದರೆ ಅದು ಕಲ್ಲು.

ಮಂಡ್ಯದ ಮೇಷ್ಟರಿಗೆ ಕೊನೆಯದಾಗಿ ಒಂದು ಸೂಚನೆ: ಹಾರ್ಮಂಡ್ಸ್‌ವರ್ತ್‌ನ ಬಾಗಿಲು ದಿನವೂ ತೆರೆಯುವುದಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿನ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಸ್ಥಳೀಯ ಸ್ವಯಂಸೇವಕರು ತೆರೆದು ತೋರಿಸುವುದು ರೂಢಿ, ಪ್ರವೇಶಕ್ಕೆ ದುಡ್ಡಿಲ್ಲ. ಮುಂದಿನ ಸಲ ಹೊರಡುವ ಮುನ್ನ ಮಗನಿಂದ ದಿನವನ್ನು ಖಚಿತಪಡಿಸಿಕೊಳ್ಳಿ. ಒಳಗೆ ಹೋದ ಮೇಲೆ ಸಾಗರದ ಓದುಗರು ಹೇಳಿದ ಕಂಬದ ತಲೆಯನ್ನು ಕತ್ತೆತ್ತಿ ನೋಡಿ, ಸಾಧ್ಯವಾದರೆ ಅದರದೊಂದು ಚಿತ್ರ ತೆಗೆದು ನಮಗೆ ಕಳುಹಿಸಿ.